ಅಪ್ರೆಂಟಿಸ್ ಪ್ರಮಾಣಪತ್ರವನ್ನು ಸಾರ್ವಜನಿಕ ವಲಯದ ನೌಕರಿಗೆ ಅರ್ಹತೆಯೆಂದು ಒಪ್ಪಬೇಕೇ?



ಕೆಲವು ವರ್ಷಗಳಿಂದ ನಾವು ನಾಲ್ಕೈದು ಮಂದಿ ಸ್ವಯಂಸೇವಕರು ಭಾನುವಾರ ಬೆಳಿಗ್ಗೆ ನಮ್ಮೂರ ಬಸದಿಯ ಪಕ್ಕದ ಸಭಾಭವನದಲ್ಲಿ ಕೂತು, ನೌಕರಿಯ ಅರ್ಜಿ ಮತ್ತು ವಿದ್ಯಾರ್ಥಿವೇತನದ ಅರ್ಜಿ ತುಂಬಲು ಮಕ್ಕಳಿಗೆ ನೆರವಾಗುತ್ತಿದ್ದೇವೆ. ನಾನು ಬೆಳಗಾವಿ ಜಿಲ್ಲೆಯ ಹಾರ್ಡ್‌ವೇರ್ ವ್ಯಾಪಾರಿ. ಪಿಯುಸಿ ಮುಗಿಸಿ, ತಂದೆಯವರ ಮಾತಿನಂತೆ ಅಂಗಡಿಯ ಗಲ್ಲಾದ ಮೇಲೆ ಕೂತವನು. ಕಾನೂನು ಓದಿದವನಲ್ಲ. ಆದರೆ ಅರ್ಜಿ ತುಂಬಿಸುತ್ತಾ ತುಂಬಿಸುತ್ತಾ ನೌಕರಿ ಅಧಿಸೂಚನೆಗಳನ್ನು ಸಾಲು ಸಾಲಾಗಿ ಓದುವ ಅಭ್ಯಾಸವಾಗಿದೆ. ಆ ಓದಿನಿಂದ ತಿಳಿದದ್ದನ್ನು, ಅದರಲ್ಲೂ ಒಂದು ಮುಖ್ಯ ಪ್ರಶ್ನೆಯನ್ನು, ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಈ ಪ್ರಶ್ನೆ ಎದ್ದದ್ದು ಒಬ್ಬ ಹುಡುಗನಿಂದ. ರೈತರ ಮನೆಯ ಮಗ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಐಟಿಐಗೆ ಹೋಗದೆ ನೇರವಾಗಿ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಅಪ್ರೆಂಟಿಸ್ ಆಗಿ ಸೇರಿದ. ಅವಧಿ ಮುಗಿಸಿ, ಅಖಿಲ ಭಾರತ ಮಟ್ಟದ ಪರೀಕ್ಷೆ ಬರೆದು ಪಾಸಾಗಿ, ಕೇಂದ್ರ ಸರ್ಕಾರದ ಪ್ರಮಾಣಪತ್ರ ಪಡೆದ. ಅವನದೇ ಊರಿನ ಗೆಳೆಯ ಎರಡು ವರ್ಷ ಐಟಿಐ ಓದಿ ಅದೇ ಫಿಟ್ಟರ್ ಪ್ರಮಾಣಪತ್ರ ಪಡೆದಿದ್ದ. ಇಬ್ಬರೂ ಸಾರ್ವಜನಿಕ ವಲಯದ ಒಂದು ಸಂಸ್ಥೆಗೆ ಅರ್ಜಿ ಹಾಕಿದರು, ಇಬ್ಬರೂ ಲಿಖಿತ ಪರೀಕ್ಷೆಯಲ್ಲಿ ಪಾಸಾದರು. ದಾಖಲಾತಿ ಪರಿಶೀಲನೆಯ ದಿನ ಗೆಳೆಯ ಒಳಗೆ ಹೋದ, ಇವನನ್ನು ಹೊರಗೆ ಕಳಿಸಿದರು.

"ಕಾಕಾ, ನಂದು ರಿಜೆಕ್ಟ್ ಆಗೇತ್ರಿ. ನಿಂದು ಐಟಿಐ ಅಲ್ಲ ಅಂದ್ರು. ಮಷಿನ್ ಮ್ಯಾಲೆ ಕೆಲಸ ಮಾಡೇ ಕಲ್ತೀನಿ ಅಂದ್ರ, ಅದು ನಮ್ಮ ನಿಯಮದಾಗ ಇಲ್ಲ ಅಂದ್ರು" ಎಂದು ಬಂದು ಹೇಳಿದ. ಅವನಿಗಿಂತ ಹೆಚ್ಚು ಸಂಕಟ ಅವನ ತಾಯಿಯ ಮುಖದಲ್ಲಿತ್ತು. ಹಾಗಾದರೆ ಮಗ ಅಷ್ಟು ವರ್ಷ ದುಡಿದು ಕಲಿತದ್ದಕ್ಕೆ ಬೆಲೆ ಇಲ್ಲವೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಬೆಲೆ ಇದೆ, ಆದರೆ ಎಲ್ಲ ಕಡೆ ಒಂದೇ ಬೆಲೆ ಇಲ್ಲ. ಯಾಕೆ ಹೀಗೆ, ಹೇಗಿರಬೇಕು, ಅಲ್ಲಿಯವರೆಗೆ ನಮ್ಮ ಮಕ್ಕಳು ಏನು ಮಾಡಬೇಕು ಎಂಬ ಮೂರು ವಿಷಯಗಳನ್ನು ಒಂದೊಂದಾಗಿ ನೋಡೋಣ.

ಅಪ್ರೆಂಟಿಸ್ ಎಂದರೇನು?

ಕೆಲಸದ ಜಾಗದಲ್ಲೇ ಕೆಲಸ ಮಾಡುತ್ತಾ ಕೆಲಸ ಕಲಿಯುವವನು ಅಪ್ರೆಂಟಿಸ್. ನಮ್ಮ ಅಂಗಡಿಗಳಲ್ಲಿ ಹಿರಿಯರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೂಕ, ಲೆಕ್ಕ, ಗಿರಾಕಿಯ ಜೊತೆ ಮಾತು ಕಲಿಸಿದ ಹಾಗೆಯೇ ಇದು. ವ್ಯತ್ಯಾಸವೆಂದರೆ, ಇದಕ್ಕೆ ಕಾನೂನಿನ ಚೌಕಟ್ಟಿದೆ. ಅದೇ 1961ರ ಅಪ್ರೆಂಟಿಸ್ ಕಾಯ್ದೆ.

ಈ ಕಾಯ್ದೆಯ ಪ್ರಕಾರ ಕಂಪನಿಗೂ ಹುಡುಗನಿಗೂ ಲಿಖಿತ ಒಪ್ಪಂದ ಆಗಬೇಕು, ಅದು ನೋಂದಣಿಯಾಗಬೇಕು. ಕೆಲಸದ ತರಬೇತಿಯ ಜೊತೆಗೆ ಆ ಕಸುಬಿಗೆ ಸಂಬಂಧಿಸಿದ ಪಾಠವನ್ನೂ ಕೊಡಬೇಕು. ಪ್ರತಿ ತಿಂಗಳು ಸ್ಟೈಪೆಂಡ್ ಕೊಡಬೇಕು. 2019ರಲ್ಲಿ ತಿದ್ದಿದ ನಿಯಮಗಳಲ್ಲಿ ಇದರ ಕನಿಷ್ಠ ಮೊತ್ತ ವಿದ್ಯಾರ್ಹತೆಗೆ ತಕ್ಕಂತೆ 5,000 ರೂಪಾಯಿಯಿಂದ 9,000 ರೂಪಾಯಿವರೆಗೆ ಇತ್ತು. ಇದನ್ನು ಶೇ. 36ರಷ್ಟು ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ತಮ್ಮ ಬಲದ ಶೇ. 2.5ರಿಂದ ಶೇ. 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವ ಸಂಸ್ಥೆಗಳು ಇಷ್ಟವಿದ್ದರೆ ತೆಗೆದುಕೊಳ್ಳಬಹುದು.

ಅವಧಿ ಮುಗಿದ ಮೇಲೆ ಅಖಿಲ ಭಾರತ ಟ್ರೇಡ್ ಟೆಸ್ಟ್ ಬರೆಯಬೇಕು. ಪಾಸಾದವರಿಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ಇದನ್ನೇ ಅಧಿಸೂಚನೆಗಳಲ್ಲಿ ಎನ್‌ಎಸಿ ಎನ್ನುತ್ತಾರೆ. ಐಟಿಐ ಮುಗಿಸಿದವರಿಗೆ ಸಿಗುವುದು ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ, ಅಂದರೆ ಎನ್‌ಟಿಸಿ. ಎರಡೂ ಬಹುಕಾಲ ಎನ್‌ಸಿವಿಟಿ ಎಂಬ ಒಂದೇ ರಾಷ್ಟ್ರೀಯ ಮಂಡಳಿಯ ಹೆಸರಿನಲ್ಲಿ ಬಂದವು.

ಅಪ್ರೆಂಟಿಸ್ ಆಗಲು ಎರಡು ದಾರಿಗಳಿವೆ. ಐಟಿಐ ಮುಗಿಸಿ ಬಂದವರು ಹೆಚ್ಚಿನ ಟ್ರೇಡ್‌ಗಳಲ್ಲಿ ಒಂದು ವರ್ಷ ಮಾಡಿದರೆ ಸಾಕು. ಐಟಿಐ ಇಲ್ಲದೆ ನೇರವಾಗಿ ಬಂದವರನ್ನು ಫ್ರೆಶರ್ ಎನ್ನುತ್ತಾರೆ. ಅವರಿಗೆ ಮೊದಲು ಮೂಲ ತರಬೇತಿ, ನಂತರ ಕಾರ್ಖಾನೆಯ ಕೆಲಸ, ಹೀಗೆ ಅವಧಿ ಹೆಚ್ಚು. ನಾನು ಹೇಳಿದ ಹುಡುಗ ಈ ಎರಡನೇ ದಾರಿಯವನು. ತೊಂದರೆ ಬರುವುದು ಬಹುಮಟ್ಟಿಗೆ ಇಂಥವರಿಗೇ.

ಎಲ್ಲವೂ 'ಮತ್ತು', 'ಅಥವಾ' ಎಂಬ ಎರಡು ಪದಗಳ ಮೇಲೆ

ಅಧಿಸೂಚನೆಯ ವಿದ್ಯಾರ್ಹತೆ ಕಾಲಂನಲ್ಲಿ ಸಣ್ಣ ಪದವೊಂದು ಎಷ್ಟು ದೊಡ್ಡ ಕೆಲಸ ಮಾಡುತ್ತದೆ ಎಂಬುದಕ್ಕೆ ಕೆಲವು ಉದಾಹರಣೆ ಕೊಡುತ್ತೇನೆ.

ಇಸ್ರೋದ ಟೆಕ್ನಿಷಿಯನ್-ಬಿ ಹುದ್ದೆಗೆ ಎಸ್‌ಎಸ್‌ಎಲ್‌ಸಿ ಜೊತೆಗೆ ಆಯಾ ಟ್ರೇಡಿನ ಐಟಿಐ, ಎನ್‌ಟಿಸಿ ಅಥವಾ ಎನ್‌ಎಸಿ ಕೇಳುತ್ತಾರೆ. ಇಲ್ಲಿ ಇಬ್ಬರು ಹುಡುಗರೂ ಅರ್ಹರು. ಉಪಗ್ರಹ, ರಾಕೆಟ್ ಮಾಡುವ ಸಂಸ್ಥೆಗೆ ಎನ್‌ಎಸಿ ಸಾಕಾಗುತ್ತದೆ ಎಂಬುದನ್ನು ಗಮನಿಸಿ.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತನ್ನ ಟೆಕ್ನಿಷಿಯನ್-ಸಿ ಹುದ್ದೆಗೆ ಎರಡು ದಾರಿಗಳನ್ನು ಬರೆಯುತ್ತದೆ. ಒಂದು, ಎಸ್‌ಎಸ್‌ಎಲ್‌ಸಿ, ಐಟಿಐ ಮತ್ತು ಒಂದು ವರ್ಷದ ಅಪ್ರೆಂಟಿಸ್. ಅಥವಾ ಎಸ್‌ಎಸ್‌ಎಲ್‌ಸಿ ಜೊತೆಗೆ ಮೂರು ವರ್ಷದ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ. ಇದು ಇನ್ನೂ ಸ್ಪಷ್ಟ. ಇಲ್ಲಿ ಬರೀ ಐಟಿಐ ಓದಿ ಅಪ್ರೆಂಟಿಸ್ ಮಾಡದ ಗೆಳೆಯ ಹೊರಗೆ ಉಳಿಯುತ್ತಾನೆ. ನೇರ ಅಪ್ರೆಂಟಿಸ್ ಆದ ನಮ್ಮ ಹುಡುಗ ಮೂರು ವರ್ಷ ಪೂರೈಸಿದ್ದರೆ ಒಳಗೆ ಹೋಗುತ್ತಾನೆ.

ರೈಲ್ವೆಯಲ್ಲಿ ಸಹಾಯಕ ಲೋಕೋ ಪೈಲಟ್ ಮತ್ತು ಟೆಕ್ನಿಷಿಯನ್ ಗ್ರೇಡ್-3 ಹುದ್ದೆಗಳಿಗೆ ಎಸ್‌ಎಸ್‌ಎಲ್‌ಸಿ ಜೊತೆಗೆ ನಿಗದಿತ ಟ್ರೇಡುಗಳಲ್ಲಿ ಐಟಿಐ ಅಥವಾ ಕಾಯ್ದೆಯಡಿ ಮುಗಿಸಿದ ಅಪ್ರೆಂಟಿಸ್, ಎರಡನ್ನೂ ಒಪ್ಪುತ್ತಾರೆ. ಲೆವೆಲ್-1 ಹುದ್ದೆಗಳಿಗೆ ಹತ್ತನೇ ತರಗತಿ ಅಥವಾ ಐಟಿಐ ಅಥವಾ ಎನ್‌ಎಸಿ, ಮೂರರಲ್ಲಿ ಒಂದಿದ್ದರೂ ಅರ್ಜಿ ಹಾಕಬಹುದು.

ಇನ್ನು ನಮ್ಮ ರಾಜ್ಯದ ಒಂದು ಉದಾಹರಣೆ. 2024ರಲ್ಲಿ ಕೆಪಿಟಿಸಿಎಲ್ ಮತ್ತು ವಿದ್ಯುತ್ ಸರಬರಾಜು ಕಂಪನಿಗಳಿಗೆ ಕಿರಿಯ ಸ್ಟೇಷನ್ ಪರಿಚಾರಕ ಮತ್ತು ಕಿರಿಯ ಪವರ್‌ಮ್ಯಾನ್ ಸೇರಿ 2,975 ಹುದ್ದೆಗಳಿಗೆ ಅರ್ಜಿ ಕರೆದರು. ಅರ್ಹತೆ ಎಸ್‌ಎಸ್‌ಎಲ್‌ಸಿ ಮಾತ್ರ. ಕಂಬ ಹತ್ತುವುದೂ ಸೇರಿದಂತೆ ದೈಹಿಕ ಪರೀಕ್ಷೆ ಪಾಸಾಗಬೇಕು, ಆಯ್ಕೆ ಎಸ್‌ಎಸ್‌ಎಲ್‌ಸಿ ಅಂಕಗಳ ಮೇಲೆ. ಅಂದರೆ ಎಲೆಕ್ಟ್ರಿಷಿಯನ್ ಆಗಿ ವರ್ಷಗಟ್ಟಲೆ ತರಬೇತಿ ಪಡೆದವನ ಪ್ರಮಾಣಪತ್ರ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹತ್ತನೇ ತರಗತಿಯಲ್ಲಿ ಸಮಾಜ ವಿಜ್ಞಾನಕ್ಕೆ ಬಂದ ಅಂಕ ಲೆಕ್ಕಕ್ಕೆ ಬರುತ್ತದೆ.

ನಮ್ಮ ಹುಡುಗ ಅರ್ಜಿ ಹಾಕಿದ್ದ ಸಂಸ್ಥೆಯ ನಿಯಮದಲ್ಲಿ 'ಎಸ್‌ಎಸ್‌ಎಲ್‌ಸಿ ಮತ್ತು ಐಟಿಐ' ಎಂದಷ್ಟೇ ಇತ್ತು. 'ಅಥವಾ' ಇರಲಿಲ್ಲ. ಒಂದೇ ದೇಶ, ಒಂದೇ ಟ್ರೇಡ್, ಆದರೆ ನೌಕರಿ ಕೊಡುವವರು ಬದಲಾದಂತೆ ಪ್ರಮಾಣಪತ್ರದ ಬೆಲೆ ಬದಲಾಗುತ್ತದೆ.

ಕೋರ್ಟಿಗೆ ಹೋದರೆ ಆಗುವುದೇ?

ಇದನ್ನು ಅನೇಕ ಪಾಲಕರು ಕೇಳುತ್ತಾರೆ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ಈ ವಿಷಯದಲ್ಲಿ ತಿಳಿದಿರಬೇಕಾದವು.

2018ರ ಡಿಸೆಂಬರ್‌ನಲ್ಲಿ ಜಹೂರ್ ಅಹ್ಮದ್ ರಾಥರ್ ಪ್ರಕರಣದ ತೀರ್ಪು ಬಂತು. ಜಮ್ಮು ಮತ್ತು ಕಾಶ್ಮೀರದ ವಿದ್ಯುತ್ ಇಲಾಖೆಯ ಟೆಕ್ನಿಷಿಯನ್ ಹುದ್ದೆಗೆ ಮೆಟ್ರಿಕ್ ಮತ್ತು ಐಟಿಐ ಕೇಳಿದ್ದರು. ಡಿಪ್ಲೊಮಾ ಮಾಡಿದವರು, ನಮ್ಮದು ಐಟಿಐಗಿಂತ ದೊಡ್ಡ ಓದು, ನಮ್ಮನ್ನೂ ತೆಗೆದುಕೊಳ್ಳಿ ಎಂದರು. ಕೋರ್ಟ್ ಒಪ್ಪಲಿಲ್ಲ. ಯಾವ ವಿದ್ಯಾರ್ಹತೆ ಯಾವುದಕ್ಕೆ ಸಮ ಎಂದು ತೀರ್ಮಾನಿಸುವುದು ನೌಕರಿ ಕೊಡುವವರ ಕೆಲಸ, ನಿಯಮದಲ್ಲಿ ಇಲ್ಲದ್ದನ್ನು ಕೋರ್ಟ್ ಸೇರಿಸುವುದಿಲ್ಲ ಎಂಬುದು ಅದರ ಸಾರ. ಡಿಪ್ಲೊಮಾದವರಿಗೇ ಹೀಗಾದರೆ ಎನ್‌ಎಸಿಯವರು ಕೋರ್ಟನ್ನು ನಂಬಿ ಕೂರುವುದು ಕಷ್ಟ.

ಇನ್ನೊಂದು, 1995ರ ಉತ್ತರ ಪ್ರದೇಶ ರಸ್ತೆ ಸಾರಿಗೆ ನಿಗಮದ ಪ್ರಕರಣ. ಅಪ್ರೆಂಟಿಸ್ ಮುಗಿಸಿದವರ ಪರವಾಗಿ ಕೋರ್ಟ್ ನಾಲ್ಕು ಮಾತು ಹೇಳಿತು. ಉಳಿದೆಲ್ಲವೂ ಸಮನಾಗಿದ್ದರೆ ತರಬೇತಿ ಪಡೆದ ಅಪ್ರೆಂಟಿಸ್‌ಗೆ ಆದ್ಯತೆ ಕೊಡಬೇಕು. ಉದ್ಯೋಗ ವಿನಿಮಯ ಕೇಂದ್ರದ ಮೂಲಕವೇ ಬರಬೇಕೆಂದಿಲ್ಲ. ವಯೋಮಿತಿಯಲ್ಲಿ ನಿಯಮದಂತೆ ಸಡಿಲಿಕೆ ಕೊಡಬೇಕು, ನಿಯಮದಲ್ಲಿ ಏನೂ ಹೇಳಿರದಿದ್ದರೆ ತರಬೇತಿಯ ಅವಧಿಯಷ್ಟು ಕೊಡಬೇಕು. ತರಬೇತಿ ಕೊಟ್ಟವರು ವರ್ಷವಾರು ಪಟ್ಟಿ ಇಟ್ಟುಕೊಂಡು, ಮೊದಲು ಮುಗಿಸಿದವರನ್ನು ಮೊದಲು ಪರಿಗಣಿಸಬೇಕು. ಆದರೆ ಪರೀಕ್ಷೆ, ಸಂದರ್ಶನ ಇಲ್ಲದೆ ನೇರವಾಗಿ ಕೆಲಸ ಕೊಡಬೇಕೆಂದು ಇದರ ಅರ್ಥವಲ್ಲ. ಅಪ್ರೆಂಟಿಸ್‌ಗಳೂ ಆಯ್ಕೆಯ ಪ್ರಕ್ರಿಯೆಗೆ ಒಳಪಡಬೇಕೆಂದು ಉತ್ತರ ಪ್ರದೇಶದ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟೇ ಸ್ಪಷ್ಟಪಡಿಸಿತು.

2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಅದಕ್ಕೂ ಮೊದಲು, ತರಬೇತಿ ಮುಗಿಸಿದವನಿಗೆ ಕೆಲಸ ಕೊಡಬೇಕೆಂಬ ಬಾಧ್ಯತೆ ಮಾಲೀಕನಿಗೆ ಇಲ್ಲ ಎಂದು 22ನೇ ಕಲಂ ಹೇಳುತ್ತಿತ್ತು. ಈಗ ಪ್ರತಿ ಸಂಸ್ಥೆಯೂ ತನ್ನಲ್ಲಿ ತರಬೇತಿ ಮುಗಿಸಿದವರನ್ನು ನೇಮಿಸಿಕೊಳ್ಳುವ ಬಗ್ಗೆ ತನ್ನದೇ ನೀತಿ ರೂಪಿಸಬೇಕು ಎಂದಿದೆ. ರೈಲ್ವೆ ಹೀಗೆ ನೀತಿ ಮಾಡಿ, ತನ್ನಲ್ಲಿ ತರಬೇತಿ ಪಡೆದವರಿಗೆ ಲೆವೆಲ್-1 ನೇರ ನೇಮಕಾತಿಯಲ್ಲಿ ಶೇ. 20 ಇಟ್ಟಿತು. 2019ರ 1,03,769 ಹುದ್ದೆಗಳ ಅಧಿಸೂಚನೆಯಲ್ಲಿ 20,734 ಅಂಥವರಿಗೆ ಮೀಸಲಾಗಿದ್ದವು. ಅವರೂ ಪರೀಕ್ಷೆ ಬರೆಯಲೇಬೇಕು. ಇಷ್ಟು ಸಾಲದು, ಎಲ್ಲರಿಗೂ ಕೆಲಸ ಬೇಕೆಂದು 2018ರ ಮಾರ್ಚ್ 20ರಂದು ಮುಂಬಯಿಯ ದಾದರ್–ಮಾಟುಂಗಾ ನಡುವೆ ಅಪ್ರೆಂಟಿಸ್ ಯುವಕರು ರೈಲು ಹಳಿಯ ಮೇಲೆ ಕೂತದ್ದನ್ನು ಹಲವರು ಟಿವಿಯಲ್ಲಿ ನೋಡಿರಬಹುದು.

ಅರ್ಹತೆ ಬೇರೆ, ಹಕ್ಕು ಬೇರೆ

ಈ ಚರ್ಚೆಯಲ್ಲಿ ನಾಲ್ಕು ಮಾತುಗಳು ಬೆರೆತುಹೋಗುತ್ತವೆ. ಅರ್ಜಿ ಹಾಕಲು ಬಿಡುವುದು ಅರ್ಹತೆ. ಇಬ್ಬರು ಸಮನಾಗಿದ್ದಾಗ ಒಬ್ಬನನ್ನು ಮುಂದೆ ತರುವುದು ಆದ್ಯತೆ. ಇಷ್ಟು ಹುದ್ದೆ ಇಂಥವರಿಗೆ ಎಂದು ತೆಗೆದಿಡುವುದು ಮೀಸಲು. ತರಬೇತಿ ಮುಗಿಯಿತು, ಕೆಲಸ ಕೊಡಲೇಬೇಕು ಎನ್ನುವುದು ಹಕ್ಕು.

ನಾನು ಇಲ್ಲಿ ಕೇಳುತ್ತಿರುವುದು ಮೊದಲನೆಯದನ್ನು ಮಾತ್ರ. ಕೈಕೆಲಸವೇ ಮುಖ್ಯವಾಗಿರುವ ಹುದ್ದೆಗಳಿಗೆ, ಅದೇ ಟ್ರೇಡಿನಲ್ಲಿ ಕಾಯ್ದೆಯಡಿ ಅಪ್ರೆಂಟಿಸ್ ಮುಗಿಸಿ ರಾಷ್ಟ್ರೀಯ ಪರೀಕ್ಷೆ ಪಾಸಾದವನನ್ನು ಎಲ್ಲ ಸಾರ್ವಜನಿಕ ಸಂಸ್ಥೆಗಳೂ ಐಟಿಐ ಆದವನಿಗೆ ಸಮನಾಗಿ ಅರ್ಜಿ ಹಾಕಲು ಬಿಡಬೇಕು. ಮುಂದಿನದು ಪರೀಕ್ಷೆಯ ಮೇಲೆ ತೀರ್ಮಾನವಾಗಲಿ.

ಚಿನ್ನದ ವ್ಯಾಪಾರ ಮಾಡುವ ನಮ್ಮ ಬಂಧುಗಳಿಗೆ ಇದು ಬೇಗ ತಿಳಿಯುತ್ತದೆ. ಆಭರಣದ ಮೇಲೆ 916 ಹಾಲ್‌ಮಾರ್ಕ್ ಇದ್ದ ಮಾತ್ರಕ್ಕೆ ಗಿರಾಕಿ ಅದನ್ನು ಕೊಳ್ಳಲೇಬೇಕೆಂದಿಲ್ಲ. ವಿನ್ಯಾಸ ಇಷ್ಟವಾಗದಿದ್ದರೆ ಬಿಡಬಹುದು. ಆದರೆ ಸರ್ಕಾರವೇ ಒಪ್ಪಿದ ಕೇಂದ್ರದಲ್ಲಿ ಪರೀಕ್ಷೆ ಮಾಡಿ ಹಾಕಿದ ಮುದ್ರೆಯನ್ನು ನೋಡಿ, ಇದು ಚಿನ್ನವೇ ಅಲ್ಲ ಎಂದರೆ ಹೇಗೆ? ಎನ್‌ಎಸಿ ವಿಷಯದಲ್ಲಿ ಆಗುತ್ತಿರುವುದು ಇದೇ. ಸರ್ಕಾರದ ಒಂದು ಕೈ ಪರೀಕ್ಷೆ ಮಾಡಿ ಮುದ್ರೆ ಹಾಕುತ್ತದೆ, ಇನ್ನೊಂದು ಕೈ ಆ ಮುದ್ರೆಯನ್ನು ನೋಡುವುದಿಲ್ಲ.

ವಿರೋಧದ ಮಾತುಗಳೂ ಇವೆ

ಇದನ್ನು ಒಪ್ಪದವರ ಮಾತನ್ನೂ ಕೇಳಬೇಕು. ಅವರಲ್ಲಿ ನನ್ನ ಸ್ನೇಹಿತರಾದ ಒಬ್ಬ ನಿವೃತ್ತ ಐಟಿಐ ಬೋಧಕರೂ ಇದ್ದಾರೆ.

ಅವರ ಮೊದಲ ಆಕ್ಷೇಪ ಗುಣಮಟ್ಟದ್ದು. "ಸಾಹುಕಾರ್ರ, ಐಟಿಐದಾಗ ಡ್ರಾಯಿಂಗ್, ವರ್ಕ್‌ಶಾಪ್ ಲೆಕ್ಕ ಎಲ್ಲಾ ಕಲಿಸ್ತೀವಿ. ಕೆಲವು ಫ್ಯಾಕ್ಟರಿಯಾಗ ಹುಡುಗರ ಕಡೆ ಮೂರು ವರ್ಷ ಬರೇ ಮಾಲು ಹೊರಿಸ್ತಾರ" ಎನ್ನುತ್ತಾರೆ. ಇದು ಸುಳ್ಳಲ್ಲ. ಅಪ್ರೆಂಟಿಸ್‌ಗಳನ್ನು ಅಗ್ಗದ ಕೂಲಿಯಂತೆ ಬಳಸುವವರು ಇದ್ದಾರೆ. ಆದರೆ ಹೆಸರಿಗೆ ಮಾತ್ರ ಇರುವ ಐಟಿಐಗಳೂ ಇವೆ. ಅದಕ್ಕೆಂದು ನಾವು ಎಲ್ಲ ಐಟಿಐ ಪ್ರಮಾಣಪತ್ರವನ್ನೂ ತಳ್ಳಿಹಾಕುವುದಿಲ್ಲವಲ್ಲ. ಎಲ್ಲಿ ಕಲಿತರೂ ಕೊನೆಗೆ ಒಂದು ರಾಷ್ಟ್ರೀಯ ಪರೀಕ್ಷೆ ಇರುವುದು ಇದಕ್ಕಾಗಿಯೇ. ಸಂಶಯವಿದ್ದರೆ ನೇಮಕಾತಿಯಲ್ಲಿ ಕೌಶಲ ಪರೀಕ್ಷೆ ಇಡಲಿ. ಫೈಲು ಹಿಡಿಸಿ, ವೆಲ್ಡಿಂಗ್ ಮಾಡಿಸಿ ನೋಡಿದರೆ ಯಾರು ಎಲ್ಲಿ ಕಲಿತರೆಂಬ ಪ್ರಶ್ನೆಯೇ ಉಳಿಯುವುದಿಲ್ಲ.

ಎರಡನೆಯದು ಸಮಾನ ಅವಕಾಶದ್ದು. ಒಂದು ಸಂಸ್ಥೆ ತನ್ನಲ್ಲಿ ಅಪ್ರೆಂಟಿಸ್ ಆದವರನ್ನೇ ತೆಗೆದುಕೊಳ್ಳುತ್ತಾ ಹೋದರೆ ಹೊರಗಿನವರಿಗೆ ಬಾಗಿಲು ಮುಚ್ಚುತ್ತದೆ. ಬೆಂಗಳೂರಿನಲ್ಲಿ ಕಾರ್ಖಾನೆಗಳಿವೆ, ಹುಬ್ಬಳ್ಳಿ ಮತ್ತು ಮೈಸೂರಿನಲ್ಲಿ ರೈಲ್ವೆ ವರ್ಕ್‌ಶಾಪ್‌ಗಳಿವೆ. ದೂರದ ತಾಲೂಕಿನ ಹುಡುಗನಿಗೆ ಅಲ್ಲಿ ಅಪ್ರೆಂಟಿಸ್ ಸೇರುವುದೇ ಕಷ್ಟ. ಈ ಮಾತನ್ನು ನಾನು ಒಪ್ಪುತ್ತೇನೆ. ಅದಕ್ಕೇ ಹಕ್ಕು ಬೇಡ, ಅರ್ಹತೆ ಬೇಕು ಎನ್ನುವುದು. ಅರ್ಹತೆ ಕೊಟ್ಟರೆ ಯಾರ ಬಾಗಿಲೂ ಮುಚ್ಚುವುದಿಲ್ಲ, ಇನ್ನೊಂದು ಬಾಗಿಲು ತೆರೆಯುತ್ತದೆ.

ಇದೇ ಕಾರಣಕ್ಕೆ ಪವರ್‌ಮ್ಯಾನ್ ಹುದ್ದೆಗೆ ಐಟಿಐ ಅಥವಾ ಎನ್‌ಎಸಿ ಕಡ್ಡಾಯ ಮಾಡಿ ಎಂದೂ ನಾನು ಹೇಳುವುದಿಲ್ಲ. ಬರೀ ಎಸ್‌ಎಸ್‌ಎಲ್‌ಸಿ ಓದಿದ ಬಡ ಮನೆಯ ಮಕ್ಕಳಿಗೆ ಅದು ದೊಡ್ಡ ಆಸರೆ. ಆದರೆ ವಿದ್ಯುತ್ ಕೆಲಸದಲ್ಲಿ ಒಂದು ತಪ್ಪಿಗೆ ಪ್ರಾಣವೇ ಹೋಗುತ್ತದೆ. ತರಬೇತಿ ಪಡೆದು ಬಂದವನಿಗೆ ಕೆಲವು ಹೆಚ್ಚುವರಿ ಅಂಕ ಕೊಟ್ಟರೆ ಇಲಾಖೆಗೂ ಒಳ್ಳೆಯದು, ಕಂಬ ಹತ್ತುವವನ ಮನೆಯವರಿಗೂ ಒಳ್ಳೆಯದು.

ಮೂರನೆಯದು ಸಾಮಾನ್ಯ ಶಿಕ್ಷಣದ್ದು. ಅಪ್ರೆಂಟಿಸ್ ಆದವನನ್ನು ಗುಮಾಸ್ತನ ಹುದ್ದೆಗೂ ಒಪ್ಪಬೇಕೇ ಎಂದು ಕೇಳುತ್ತಾರೆ. ಬೇಡ. ಪತ್ರ ಬರೆಯುವ, ಕಡತ ನೋಡುವ ಕೆಲಸಕ್ಕೆ ಭಾಷೆ ಮತ್ತು ಸಾಮಾನ್ಯ ಓದು ಬೇಕು. ಫಿಟ್ಟರ್ ಪ್ರಮಾಣಪತ್ರ ಪಿಯುಸಿಗೆ ಬದಲಿಯಲ್ಲ. ಹಾಗೆ ಮುಂದೆ ಓದಬೇಕೆನ್ನುವವರಿಗೆ ಬೇರೆ ದಾರಿ ಇದೆ. ಐಟಿಐ ಮುಗಿಸಿದವರು ರಾಷ್ಟ್ರೀಯ ಮುಕ್ತ ಶಾಲೆಯ (ಎನ್‌ಐಒಎಸ್) ಮೂಲಕ ಹತ್ತನೇ ಅಥವಾ ಹನ್ನೆರಡನೇ ತರಗತಿಗೆ ಸಮಾನವಾದ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ 2016ರಿಂದ ಬಂದಿದೆ.

ಹೊಸ ಬೇಡಿಕೆಯಲ್ಲ, ಹಳೆಯ ಮಾತು

ಇದನ್ನು ಸರ್ಕಾರ ಯೋಚಿಸಿಯೇ ಇಲ್ಲ ಎಂದುಕೊಳ್ಳಬೇಡಿ. 2013ರ ಡಿಸೆಂಬರ್ 27ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ಅಧಿಸೂಚನೆಯಾಗಿ ಹೊರಡಿಸಿತು. ಎಲ್ಲಿ ಕಲಿತ ಎಂಬುದನ್ನು ಬಿಟ್ಟು, ಏನು ಮಾಡಬಲ್ಲ ಎಂಬುದನ್ನು ನೋಡಿ ಪ್ರತಿ ಕೌಶಲಕ್ಕೂ ಒಂದು ಮಟ್ಟ ಕೊಡುವುದು ಇದರ ಉದ್ದೇಶ. ಕೇಂದ್ರ ಸರ್ಕಾರದ ಮತ್ತು ಅದರ ಸಾರ್ವಜನಿಕ ಉದ್ದಿಮೆಗಳ ನೇಮಕಾತಿ ನಿಯಮಗಳನ್ನು ಈ ಮಟ್ಟಗಳಿಗೆ ಅನುಗುಣವಾಗಿ ಮೂರು ವರ್ಷಗಳ ನಂತರ ತಿದ್ದಬೇಕು, ರಾಜ್ಯಗಳಿಗೂ ಪ್ರೋತ್ಸಾಹ ಕೊಡಬೇಕು ಎಂದು ಅದರಲ್ಲೇ ಬರೆದಿತ್ತು. ಇಷ್ಟು ವರ್ಷ ಕಳೆದರೂ ನಮ್ಮ ಮೇಜಿಗೆ ಬರುವ ಅಧಿಸೂಚನೆಗಳಲ್ಲಿ ಹೆಚ್ಚಿನವು ಹಳೆಯ ರೀತಿಯಲ್ಲೇ ಇವೆ. ಕೆಲವು ಕಡೆ 'ಅಥವಾ ಎನ್‌ಎಸಿ' ಇದೆ, ಕೆಲವು ಕಡೆ ಇಲ್ಲ. ಕೋಟಿಗಟ್ಟಲೆ ಹಣ ಬೇಡ, ಹೊಸ ಕಾಯ್ದೆ ಬೇಡ, ನೇಮಕಾತಿ ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ಆಗುವ ಕೆಲಸವಿದು.

ನಮ್ಮ ಕುಟುಂಬಗಳು ಈಗ ಏನು ಮಾಡಬಹುದು?

ನಿಯಮ ಬದಲಾಗುವವರೆಗೆ ಮಕ್ಕಳ ವಯಸ್ಸು ಕಾಯುವುದಿಲ್ಲ. ಆದ್ದರಿಂದ ಅಪ್ರೆಂಟಿಸ್ ಸೇರುವ ಮೊದಲು ಮತ್ತು ಮುಗಿಸಿದ ಮೇಲೆ ಈ ಕೆಳಗಿನವನ್ನು ಗಮನಿಸಿ.

1. ಸೇರುವ ಟ್ರೇಡ್ 'ಡೆಸಿಗ್ನೇಟೆಡ್' ಅಥವಾ 'ಆಪ್ಷನಲ್', ಯಾವುದೆಂದು ಮೊದಲೇ ಕೇಳಿ. ಸರ್ಕಾರ ಗೊತ್ತುಪಡಿಸಿದ ಡೆಸಿಗ್ನೇಟೆಡ್ ಟ್ರೇಡುಗಳಿಗೆ ಮಾತ್ರ ಅಖಿಲ ಭಾರತ ಪರೀಕ್ಷೆ ಮತ್ತು ಎನ್‌ಎಸಿ ಇರುತ್ತದೆ. ಕಂಪನಿಯೇ ರೂಪಿಸಿದ ಆಪ್ಷನಲ್ ಟ್ರೇಡಿನ ಪ್ರಮಾಣಪತ್ರ ಖಾಸಗಿ ಕೆಲಸಕ್ಕೆ ನೆರವಾಗಬಹುದು. ಆದರೆ ಎನ್‌ಎಸಿ ಕೇಳುವ ಸಾರ್ವಜನಿಕ ಸಂಸ್ಥೆಯಲ್ಲಿ ಅದು ನಡೆಯುತ್ತದೆಂದು ನಂಬಬೇಡಿ.

2. ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ನೋಡಿ. ಬರೀ ಬಾಯಿಮಾತಿನಲ್ಲಿ ಅಥವಾ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಮಾಡಿದ ಅಪ್ರೆಂಟಿಸ್ ಕಾಯ್ದೆಯಡಿ ಬರುವುದಿಲ್ಲ. ನೋಂದಣಿ ಸಂಖ್ಯೆ ಬರೆದಿಟ್ಟುಕೊಳ್ಳಿ.

3. ಸಾಧ್ಯವಿದ್ದರೆ ಐಟಿಐ ಮುಗಿಸಿ, ನಂತರ ಒಂದು ವರ್ಷ ಅಪ್ರೆಂಟಿಸ್ ಮಾಡಿಸಿ. ಎರಡೂ ಪ್ರಮಾಣಪತ್ರ ಕೈಯಲ್ಲಿದ್ದರೆ 'ಮತ್ತು' ಎಂದಿದ್ದರೂ ಸರಿ, 'ಅಥವಾ' ಎಂದಿದ್ದರೂ ಸರಿ. ಈಗಿನ ಸ್ಥಿತಿಯಲ್ಲಿ ಇದೇ ಭದ್ರವಾದ ದಾರಿ. ಮನೆಯ ಪರಿಸ್ಥಿತಿಯಿಂದ ತಕ್ಷಣ ದುಡಿಯಲೇಬೇಕಾದವರು ಮಾತ್ರ ನೇರ ಅಪ್ರೆಂಟಿಸ್ ಯೋಚಿಸಲಿ.

4. ಸಾಮಾನ್ಯವಾಗಿ ಒಮ್ಮೆ ಅಪ್ರೆಂಟಿಸ್ ಮುಗಿಸಿದವರನ್ನು ಮತ್ತೊಂದು ಕಡೆ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಸಂಸ್ಥೆಯನ್ನೂ ಟ್ರೇಡನ್ನೂ ವಿಚಾರ ಮಾಡಿ ಆರಿಸಿ. ರೈಲ್ವೆಯಂಥ ಸ್ವಂತ ನೀತಿ ಇರುವ ಕಡೆ ಅವಕಾಶ ಸಿಕ್ಕರೆ ಬಿಡಬೇಡಿ.

5. ಅಪ್ರೆಂಟಿಸ್ ಅವಧಿಯನ್ನು ಬಹಳಷ್ಟು ಸಂಸ್ಥೆಗಳು ಅನುಭವವೆಂದು ಲೆಕ್ಕ ಹಾಕುವುದಿಲ್ಲ. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ತರಬೇತಿಯಲ್ಲಿರುವವನು, ಕೆಲಸಗಾರನಲ್ಲ. ಅರ್ಜಿಯ ಅನುಭವದ ಕಾಲಂನಲ್ಲಿ ಅದನ್ನು ಬರೆಯುವ ಮೊದಲು ಸೂಚನೆಗಳನ್ನು ಓದಿ.

6. ಅರ್ಜಿಯ ಕೊನೆಯ ದಿನಾಂಕಕ್ಕೆ ಪ್ರಮಾಣಪತ್ರ ಕೈಯಲ್ಲಿರಬೇಕೇ ಎಂಬುದನ್ನು ನೋಡಿ. ಫಲಿತಾಂಶಕ್ಕೆ ಕಾಯುತ್ತಿರುವವರು ಸಾಮಾನ್ಯವಾಗಿ ಅರ್ಹರಲ್ಲ. ಪ್ರಮಾಣಪತ್ರದ ಹೆಸರು, ಜನ್ಮ ದಿನಾಂಕ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೆ ಹೊಂದದಿದ್ದರೆ ಈಗಲೇ ತಿದ್ದಿಸಿ.

7. ಇರುವ ಓದನ್ನು ಮುಚ್ಚಿಡಬೇಡಿ. ಜವಾನ ಹುದ್ದೆಗೆ ಅರ್ಜಿ ಹಾಕುವಾಗ ಪದವಿಯನ್ನು ಮುಚ್ಚಿಟ್ಟ ಅಭ್ಯರ್ಥಿಯ ವಿರುದ್ಧ, ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣದಲ್ಲಿ, 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕೈಗೆ ಬಂದ ಕೆಲಸವೂ ಹೋಗುತ್ತದೆ.

8. ಅಪ್ರೆಂಟಿಸ್ ಮಾಡಿಸಿ ಕಾಯಂ ನೌಕರಿ ಕೊಡಿಸುತ್ತೇವೆ ಎಂದು ಹಣ ಕೇಳುವವರನ್ನು ದೂರವಿಡಿ. ಅಂಥ ಹಕ್ಕು ಕಾಯ್ದೆಯಲ್ಲೇ ಇಲ್ಲ.

ಕೊನೆಯದಾಗಿ ಹಿರಿಯರಿಗೆ ಒಂದು ಮಾತು

ನಮ್ಮ ಸಮಾಜದವರೆಂದರೆ ವ್ಯಾಪಾರಿಗಳು ಎಂದು ಹೊರಗಿನವರು ತಿಳಿಯುತ್ತಾರೆ. ಆದರೆ ಬೆಳಗಾವಿ, ಬಾಗಲಕೋಟೆ, ಧಾರವಾಡದ ಹಳ್ಳಿಗಳಲ್ಲಿ ನೇಗಿಲು ಹಿಡಿದ ಮನೆಗಳು ಎಷ್ಟಿವೆ ಎಂಬುದು ನಮಗೆ ಗೊತ್ತು. ಆ ಮನೆಗಳಲ್ಲಿ ಎಲ್ಲ ಮಕ್ಕಳಿಗೂ ಸಿ.ಎ. ಓದಿಸುವ, ಎಂಜಿನಿಯರಿಂಗ್ ಮಾಡಿಸುವ ಶಕ್ತಿ ಇರುವುದಿಲ್ಲ, ಎಲ್ಲ ಮಕ್ಕಳಿಗೂ ಅಂಗಡಿ ಹಾಕಿಕೊಡಲೂ ಆಗುವುದಿಲ್ಲ. ಆದರೂ ಐಟಿಐ, ಅಪ್ರೆಂಟಿಸ್ ಎಂದರೆ ನಮ್ಮಲ್ಲಿ ಅನೇಕರು ಮುಖ ಸಿಂಡರಿಸುತ್ತಾರೆ. ವರ ನೋಡುವಾಗಲೂ ಹುಡುಗ ಡಿಗ್ರಿ ಆಗಿದ್ದಾನೆಯೇ ಎಂದು ಕೇಳುತ್ತೇವೆಯೇ ಹೊರತು, ಕೈಯಲ್ಲಿ ಕೆಲಸವಿದೆಯೇ ಎಂದು ಕೇಳುವುದು ಕಡಿಮೆ. ಸರ್ಕಾರ ಪ್ರಮಾಣಪತ್ರಕ್ಕೆ ಬೆಲೆ ಕೊಡಲಿ ಎಂದು ಕೇಳುವ ನಾವು, ಮೊದಲು ನಮ್ಮ ಮನೆಗಳಲ್ಲಿ ಅದಕ್ಕೆ ಬೆಲೆ ಕೊಡಬೇಕು. ಹೆಣ್ಣುಮಕ್ಕಳಿಗೂ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಆಪರೇಟರ್ ಮುಂತಾದ ಟ್ರೇಡುಗಳಲ್ಲಿ ಅವಕಾಶವಿದೆ ಎಂಬುದನ್ನು ಮರೆಯಬೇಡಿ.

ಶಾಸಕರು, ಸಂಸದರು ಸಮಾಜದ ಕಾರ್ಯಕ್ರಮಗಳಿಗೆ ಬಂದಾಗ ನಾವು ಸಾಮಾನ್ಯವಾಗಿ ಸಮುದಾಯ ಭವನ, ರಸ್ತೆ ಕೇಳುತ್ತೇವೆ. ಮುಂದಿನ ಸಲ ಮನವಿ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿ: ರಾಜ್ಯದ ನಿಗಮ, ಮಂಡಳಿಗಳ ತಾಂತ್ರಿಕ ಹುದ್ದೆಗಳಲ್ಲಿ ಐಟಿಐ ಎಂದಿರುವ ಕಡೆಯಲ್ಲೆಲ್ಲ 'ಅಥವಾ ಅದೇ ಟ್ರೇಡಿನ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ' ಎಂದು ಸೇರಿಸಿರಿ. ಇದು ನಮ್ಮ ಮಕ್ಕಳಿಗೆ ಮಾತ್ರವಲ್ಲ, ನಾಡಿನ ಎಲ್ಲ ಸಮಾಜದ ಮಕ್ಕಳಿಗೂ ಉಪಯೋಗವಾಗುವ ಮಾತು.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಈಗ ಅವನು ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದಾನೆ. ಅಲ್ಲಿಯ ಮಾಲೀಕರು ಪ್ರಮಾಣಪತ್ರ ಕೇಳುವ ಮೊದಲು ಅವನ ಕೈಗೆ ಒಂದು ಜಾಬ್ ಕೊಟ್ಟು ಮಾಡಿಸಿ ನೋಡಿದರಂತೆ. ಸಂಜೆ ಮನೆಗೆ ಬಂದ ಮೇಲೆ ರೈಲ್ವೆ ಪರೀಕ್ಷೆಗೆ ಓದುತ್ತಿದ್ದಾನೆ. ಈ ಸಲ ಅರ್ಜಿ ತುಂಬುವ ಮೊದಲು ಇಬ್ಬರೂ ಕೂತು ವಿದ್ಯಾರ್ಹತೆಯ ಕಾಲಂ ಎರಡು ಸಲ ಓದಿದೆವು. ಅದರಲ್ಲಿ '‌ಅಥವಾ' ಇತ್ತು.